ಮೊದಲು ತೂತಿನ ಆಕಾರ ನೋಡಿ, ಆಮೇಲೆ ಔಷಧಿ

ಪ್ರಶ್ನೆ: ದ್ರಾಕ್ಷಿ ಬಳ್ಳಿಗೆ ಚಾಟ್ನಿ (ಕಡ್ಡಿ ಸವರುವುದು) ಮಾಡಿ ಮೂರು ವಾರವಾಯಿತು. ಹೊಸ ಎಲೆಗಳಲ್ಲಿ ಉದ್ದುದ್ದನೆಯ ಸಣ್ಣ ತೂತುಗಳಿವೆ. ಕಡ್ಡಿಯ ಕೆಲವು ಕಣ್ಣುಗಳು (ಚಿಗುರುವ ಮೊಗ್ಗುಗಳು) ಒಡೆಯಲೇ ಇಲ್ಲ. ಎಷ್ಟು ಹುಡುಕಿದರೂ ಹುಳು ಕಾಣುತ್ತಿಲ್ಲ. ಬಿ.ಟಿ. (ಹುಳು ಕೊಲ್ಲುವ ಬ್ಯಾಕ್ಟೀರಿಯಾದ ಔಷಧಿ) ಸಿಂಪಡಿಸಿದರೂ ಹಾನಿ ನಿಂತಿಲ್ಲ. ಏನಿರಬಹುದು?

ಉತ್ತರ: ಸೀಳಿದಂತಹ ತೂತು ಮತ್ತು ಒಡೆಯದ ಕಣ್ಣು ಎರಡೂ ಒಟ್ಟಿಗೆ ಇದ್ದರೆ ಮೊದಲು ಅನುಮಾನಿಸಬೇಕಾದದ್ದು ಫ್ಲೀ ಬೀಟಲ್ ಎಂಬ ಪುಟ್ಟ ದುಂಬಿಯನ್ನು. ಉದ್ದ 4–5 ಮಿ.ಮೀ., ಕಂಚಿನ ಹೊಳಪು, ರೆಕ್ಕೆಯ ಮೇಲೆ ಆರು ಕಪ್ಪು ಚುಕ್ಕೆ. ಬಳ್ಳಿ ಸ್ವಲ್ಪ ಅಲುಗಿದರೂ ಪಟ್ಟನೆ ನೆಲಕ್ಕೆ ಉದುರಿಬಿಡುತ್ತದೆ, ಬಿಟ್ಟರೆ ಸಡಿಲ ತೊಗಟೆಯಡಿ ಅಡಗುತ್ತದೆ. ನಿಮ್ಮ ಕಣ್ಣಿಗೆ ಬೀಳದಿರುವುದು ಅದಕ್ಕೇ. ಬಳ್ಳಿಯ ಕೆಳಗೆ ಬಿಳಿ ಬಟ್ಟೆ ಹಾಸಿ, ಕಡ್ಡಿಗಳನ್ನು ಜೋರಾಗಿ ಅಲುಗಿಸಿ. ಇದ್ದರೆ ಬಟ್ಟೆಯ ಮೇಲೆ ಬೀಳುತ್ತದೆ. ಬಿದ್ದದ್ದನ್ನು ಸೋಪಿನ ನೀರಿಗೆ ಹಾಕಿ. ಕಣ್ಣು ಊದಿಕೊಳ್ಳುವ ಹೊತ್ತಿಗೇ ಈ ಪರೀಕ್ಷೆ ಶುರುವಾಗಬೇಕು, ಏಕೆಂದರೆ ಕೆರೆದು ತಿಂದ ಕಣ್ಣು ಮತ್ತೆ ಚಿಗುರುವುದಿಲ್ಲ. ಎಲೆಯ ತೂತಿಗಿಂತ ದೊಡ್ಡ ನಷ್ಟ ಅದೇ. ಮುಂದಿನ ಚಾಟ್ನಿಯ ವೇಳೆ ಸಡಿಲ ತೊಗಟೆಯನ್ನು ಸುಲಿದು ತೋಟದಿಂದ ಹೊರಗೆ ಸಾಗಿಸಿ. ಮೊಟ್ಟೆಯಿಡುವ ಜಾಗವೂ ಅದೇ.

ಇನ್ನು ಬಿ.ಟಿ. ವಿಚಾರ. ಎಲೆಗೆ ಸಾಮಾನ್ಯವಾಗಿ ಸಿಂಪಡಿಸುವ ಬಿ.ಟಿ. ಪತಂಗದ ಮರಿಹುಳುಗಳಿಗೆ ಮಾತ್ರ. ಹುಳು ಅದನ್ನು ಎಲೆಯೊಂದಿಗೆ ತಿನ್ನಬೇಕು, ಹುಳು ಇನ್ನೂ ಎಳೆಯದಾಗಿರಬೇಕು. ಬಿಸಿಲಿಗೆ ಬೇಗ ಶಕ್ತಿ ಕಳೆದುಕೊಳ್ಳುವುದರಿಂದ ಸಂಜೆಯೇ ಸಿಂಪಡಿಸಬೇಕು. ದುಂಬಿಗೆ ಅದು ನಾಟುವುದೇ ಇಲ್ಲ.

ಬಟ್ಟೆಯ ಮೇಲೆ ಏನೂ ಬೀಳದಿದ್ದರೆ ರಾತ್ರಿ ಎಂಟರ ನಂತರ ಟಾರ್ಚ್ ಹಿಡಿದು ನೋಡಿ. ನರ ಬಿಟ್ಟು ಉಳಿದದ್ದನ್ನೆಲ್ಲ ಮೇಯ್ದು ಎಲೆಯನ್ನು ಜಾಲರಿ ಮಾಡಿದ್ದರೆ ಅದು ಗೊಣ್ಣೆಹುಳುವಿನ ದುಂಬಿಯ ಕೆಲಸ, ಹಗಲಲ್ಲಿ ಮಣ್ಣಿನಲ್ಲಿರುತ್ತದೆ. ಎಲೆಯ ಅಡಿಯಲ್ಲಿ ಕಂದು ರೋಮ ಮುಚ್ಚಿದ ಮೊಟ್ಟೆಗುಂಪು, ಪಕ್ಕದಲ್ಲೇ ಗುಂಪಾಗಿ ಹಸಿರು ಕೆರೆಯುವ ಎಳೆಹುಳುಗಳು ಕಂಡರೆ ಅದು ಸ್ಪೋಡಾಪ್ಟೆರಾ ಎಂಬ ಪತಂಗದ ಮರಿಹುಳು. ಆ ಎಲೆಯನ್ನು ಆಗಲೇ ಕಿತ್ತು ನಾಶ ಮಾಡುವುದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ. ಹುಳು ಬೆಳೆದು ಚದುರಿದರೆ ಹಗಲೆಲ್ಲ ಬುಡದ ಮಣ್ಣಿನಲ್ಲಿ ಅಡಗಿದ್ದು ರಾತ್ರಿ ಮೇಯುತ್ತದೆ. ತೊಟ್ಟು ಮಾತ್ರ ಉಳಿದು, ನೆಲದಲ್ಲಿ ದಪ್ಪ ಹಿಕ್ಕೆ ಬಿದ್ದಿದ್ದರೆ ತಲೆಯೆತ್ತಿ ನೇರ ಮೇಲಿನ ಕಡ್ಡಿ ನೋಡಿ: ಬಾಲದಲ್ಲಿ ಕೊಂಬಿರುವ ದಪ್ಪ ಹುಳು ಅಲ್ಲೇ ಇರುತ್ತದೆ. ಕೈಯಿಂದ ಆರಿಸಿದರೆ ಸಾಕು.

ಪ್ರಶ್ನೆ: ಎಲೆಯ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ಅರ್ಧಚಂದ್ರಾಕಾರ. ನಡುವೆ ಕಪ್ಪು ಅಂಚಿನ ಸಣ್ಣ ತೂತುಗಳೂ ಇವೆ. ಎರಡೂ ಒಂದೇ ಕೀಟದ್ದೇ?

ಉತ್ತರ: ಅಲ್ಲ. ಅಂಚಿನ ನುಣುಪಾದ ಕತ್ತರಿಕೆ ಎಲೆ ಕತ್ತರಿಸುವ ಜೇನಿನದು. ಗೂಡಿಗೆ ಎಲೆತುಂಡು ಒಯ್ಯುತ್ತದೆ. ಪರಾಗಸ್ಪರ್ಶಕ್ಕೆ ನೆರವಾಗುವ ಜೀವಿ, ದಯವಿಟ್ಟು ಅದಕ್ಕೆ ವಿಷ ಹಾಕಬೇಡಿ. ಕಪ್ಪು ಅಂಚಿನ ತೂತು ಬಹುಮಟ್ಟಿಗೆ ಚಿಬ್ಬು ಎಂಬ ಶಿಲೀಂಧ್ರ ರೋಗದ್ದು: ಕಲೆಯ ನಡುಭಾಗ ಒಣಗಿ ಉದುರಿ ತೂತಾಗಿರುತ್ತದೆ. ಎಳೆಯ ಕಡ್ಡಿಯ ಮೇಲೂ ಕಪ್ಪು ಅಂಚಿನ ತಗ್ಗು ಗಾಯಗಳಿದ್ದರೆ ಖಚಿತ. ಅದಕ್ಕೆ ಬೇಕಾದದ್ದು ಶಿಲೀಂಧ್ರನಾಶಕ, ಕೀಟನಾಶಕವಲ್ಲ.