ಸಾಲವೇ ಗೊತ್ತಿಲ್ಲದವರಿಗೆ ವಸೂಲಿ ಫೋನ್

ಪ್ರಶ್ನೆ: ಮೇಡಂ, ನಮ್ಮದು ಶನಿವಾರಸಂತೆ ಹತ್ತಿರ ಸಣ್ಣ ಕಾಫಿ ತೋಟ. ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಮೊನ್ನೆ ರಾತ್ರಿ ಒಂಬತ್ತರ ಮೇಲೆ ಒಬ್ಬ ಫೋನ್ ಮಾಡಿ ‘ಲೀಗಲ್ ಡಿಪಾರ್ಟ್‌ಮೆಂಟಿನಿಂದ’ ಎಂದ. ಯಜಮಾನರು ಆ್ಯಪ್‌ನಲ್ಲಿ 48,000 ರೂಪಾಯಿ ಸಾಲ ತೆಗೆದಿದ್ದರಂತೆ, ಬಡ್ಡಿ ಸೇರಿ 1,12,000 ಆಗಿದೆಯಂತೆ. ಈಗಲೇ 25,000 ಹಾಕಿದರೆ ಸೆಟ್ಲ್‌ಮೆಂಟ್, ಇಲ್ಲದಿದ್ದರೆ ಬೆಳಿಗ್ಗೆ ಮಡಿಕೇರಿಯಿಂದ ಪೊಲೀಸರು ಬರುತ್ತಾರೆ, ತೋಟ ಹರಾಜು ಎಂದ. ಯಜಮಾನರ ಪ್ಯಾನ್ ನಂಬರನ್ನೂ ಊರಿನ ಹೆಸರನ್ನೂ ಸರಿಯಾಗಿಯೇ ಹೇಳಿದ. ವಾಟ್ಸಾಪಿಗೆ ಕೋರ್ಟಿನ ಮೊಹರಿದ್ದ ನೋಟಿಸ್ ಕಳಿಸಿದ. ಮೆಣಸು ಮಾರಿದ ದುಡ್ಡು ಖಾತೆಯಲ್ಲಿತ್ತು, ಹೆದರಿ 5,000 ಹಾಕಿಬಿಟ್ಟೆ. ಈಗ ದಿನಾ ಫೋನ್ ಬರುತ್ತಿದೆ. ಬೆಂಗಳೂರಿನಲ್ಲಿರುವ ಮಗನಿಗೆ ಹೇಳಿಲ್ಲ. ಉಳಿದದ್ದನ್ನೂ ಕಟ್ಟಿ ಕೈತೊಳೆದುಕೊಳ್ಳಲೇ?
– ಹೆಸರು ಬೇಡ

ಉತ್ತರ: ಅಮ್ಮಾ, ನಿಮಗೆ ಆಗಲೇ ಅಂಚೆಯಲ್ಲಿ ಬರೆದಿದ್ದೇನೆ. ಇದೇ ಸಂಕಟದಲ್ಲಿರುವ ಬೇರೆಯವರಿಗೂ ಬೇಕಾದೀತೆಂದು ಇಲ್ಲಿಯೂ ಹೇಳುತ್ತಿದ್ದೇನೆ. ಇನ್ನು ಒಂದು ರೂಪಾಯಿಯನ್ನೂ ಹಾಕಬೇಡಿ. 1930ಕ್ಕೆ ಫೋನ್ ಮಾಡಿ, 5,000 ಹೋದ ವಿಷಯ ತಿಳಿಸಿ. ಅದು ಸೈಬರ್ ವಂಚನೆಗೆಂದೇ ಇರುವ ಸರ್ಕಾರದ ಸಹಾಯವಾಣಿ. ಹಣ ಹೋದ ಒಂದೆರಡು ಗಂಟೆಯೊಳಗೆ ಹೇಳಿದರೆ ಅದು ಕೈ ದಾಟುವ ಮೊದಲೇ ತಡೆಯುವ ಅವಕಾಶ ಹೆಚ್ಚು. ತಡವಾಗಿದ್ದರೂ ಹೇಳಲೇಬೇಕು, ಆ ಖಾತೆಯ ಮೇಲೆ ಬಂದ ಇನ್ನೊಬ್ಬರ ದೂರಿನ ಜೊತೆ ನಿಮ್ಮದೂ ಸೇರುತ್ತದೆ. ಫೋನ್ ಮಾಡುವಾಗ ಹಣ ಕಳಿಸಿದ ಸಂದೇಶದಲ್ಲಿರುವ 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆ ಎದುರಿಗಿರಲಿ. ಆಮೇಲೆ ಮಡಿಕೇರಿಯ ಸಿಇಎನ್ ಠಾಣೆಗೋ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆ) ನಿಮ್ಮ ಹತ್ತಿರದ ಠಾಣೆಗೋ ಹೋಗಿ ಬರಹದಲ್ಲಿ ದೂರು ಕೊಡಿ. ವಾಟ್ಸಾಪಿಗೆ ಬಂದದ್ದನ್ನು ಅಳಿಸಬೇಡಿ, ಅದೇ ಸಾಕ್ಷಿ.

ನಾನು ಬ್ಯಾಂಕಿನಲ್ಲಿದ್ದಾಗ ಬಹುಕಾಲ ಸಾಲ ವಸೂಲಿಯನ್ನೇ ನೋಡಿಕೊಂಡವಳು. ವಿರಾಜಪೇಟೆ, ಪೊನ್ನಂಪೇಟೆ ಕಡೆಯ ತೋಟಗಳಿಗೆ ಜೀಪಿನಲ್ಲಿ ಹೋಗಿ ಬಾಕಿ ಕೇಳಿದ್ದೇನೆ. ಹೊರಡುವಾಗ ಕೈಯಲ್ಲಿ ಫೈಲು ಇರಲೇಬೇಕಿತ್ತು: ಸಾಲ ಮಂಜೂರಾದ ಪತ್ರ, ಲೆಡ್ಜರಿನ ನಕಲು, ಆರ್‌ಟಿಸಿ, ಜಾಮೀನುದಾರರ ವಿಳಾಸ. ಕಣದಲ್ಲಿ ಕಾಫಿ ಹಣ್ಣು (ಚೆರಿ) ಹರಡುತ್ತಿದ್ದ ಸಾಲಗಾರರು ‘ಇನ್ನೂ ಒಣಗಬೇಕು ಮೇಡಂ, ಮಾರಿದ ಮೇಲೆ ಕಟ್ಟುತ್ತೇನೆ’ ಎಂದರೆ ಅದನ್ನು ಬರೆಸಿಕೊಂಡು ಬರುತ್ತಿದ್ದೆವು. ಬ್ಯಾಂಕಿಗೆ ಬೇಕಾದದ್ದು ಲೆಕ್ಕದಲ್ಲಿ ಸಾಲ ತೀರುವುದು, ಅದಕ್ಕಾಗಿ ಅದು ಕಾಯುತ್ತದೆ. ನಿಮಗೆ ಫೋನ್ ಮಾಡಿದವನಿಗೆ ಕಾಯುವಂತಿಲ್ಲ. ಬೆಳಗಾದರೆ ನೀವು ಯಾರನ್ನಾದರೂ ಕೇಳುತ್ತೀರಿ, ಅವನ ಕೆಲಸ ಕೆಡುತ್ತದೆ. ಅದಕ್ಕೇ ‘ಈಗಲೇ’, ಅದಕ್ಕೇ ‘ಯಾರಿಗೂ ಹೇಳಬೇಡಿ’. ರಿಸರ್ವ್ ಬ್ಯಾಂಕ್ 2022ರ ಆಗಸ್ಟಿನಲ್ಲಿ ಹೊರಡಿಸಿದ ಸೂಚನೆ ಪ್ರಕಾರ ಬಾಕಿ ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತೆಯೇ ಇಲ್ಲ. ಬೆದರಿಸುವುದಂತೂ ಯಾವ ಹೊತ್ತಿನಲ್ಲೂ ಕೂಡದು.

ಸಾಲ ಇತ್ತೋ ಇಲ್ಲವೋ ಎಂಬ ಅನುಮಾನ ನಿಮ್ಮನ್ನು ಕೊರೆಯುತ್ತಿದೆ, ಅದು ಪತ್ರದಲ್ಲೇ ಕಾಣುತ್ತದೆ. ಯಜಮಾನರ ಪಾಸ್‌ಬುಕ್ ತೆಗೆಯಿರಿ. 48,000 ಕೊಟ್ಟಿದ್ದರೆ ಅದು ಎಲ್ಲೋ ಜಮಾ ಆಗಿರಬೇಕು. ಆ್ಯಪ್ ಮೂಲಕ ಕೊಡುವ ಸಾಲದ ಹಣ ನೇರವಾಗಿ ಸಾಲಗಾರರ ಬ್ಯಾಂಕ್ ಖಾತೆಗೇ ಬರಬೇಕೆಂಬುದು ನಿಯಮ. ಅವರ ಯಾವ ಖಾತೆಯಲ್ಲೂ ಅಂಥ ಜಮಾ ಇಲ್ಲವೆಂದರೆ ಅವನ ಕಥೆ ಅಲ್ಲಿಗೇ ಮುಗಿಯಿತು. ಮತ್ತೆ ಫೋನ್ ಬಂದರೆ ಒಂದೇ ಮಾತು: ‘ಸಾಲ ಕೊಟ್ಟ ಸಂಸ್ಥೆಯ ಹೆಸರು, ಸಾಲದ ಖಾತೆ ಸಂಖ್ಯೆ, ಹಣ ಹಾಕಿದ ದಿನಾಂಕ, ಮಂಜೂರಾತಿ ಪತ್ರ ಎಲ್ಲವನ್ನೂ ಅಂಚೆಯಲ್ಲಿ ಕಳಿಸಿ.’ ಇಷ್ಟು ಹೇಳಿ ಫೋನ್ ಇಟ್ಟುಬಿಡಿ, ವಾದಕ್ಕೆ ನಿಲ್ಲಬೇಡಿ. ಸಂಸ್ಥೆಯ ಹೆಸರು ಹೇಳಿದರೂ ಅವನು ಕೊಟ್ಟ ನಂಬರಿಗೆ ವಿಚಾರಿಸಬೇಡಿ. ಶಾಖೆಗೆ ಹೋಗಿ, ಅಥವಾ ಆ ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿರುವ ನಂಬರಿಗೆ ನೀವೇ ಮಾಡಿ.

ಪ್ಯಾನ್ ನಂಬರ್ ಹೇಳಿದ್ದಕ್ಕೆ ಬೆಲೆ ಕೊಡಬೇಡಿ. ಸಿಮ್ ತೆಗೆದುಕೊಳ್ಳುವಾಗ, ಜೆರಾಕ್ಸ್ ಅಂಗಡಿಯಲ್ಲಿ, ಎಲ್ಲೆಲ್ಲೋ ನಾವು ಅದರ ನಕಲು ಕೊಟ್ಟಿರುತ್ತೇವೆ.

ಈಗ ತೋಟದ ವಿಷಯ. ಹರಾಜು ಎಂದರೆ ಕೊಡಗಿನವರ ಎದೆ ಝಲ್ಲೆನ್ನುವುದು ಸಹಜ, ಬ್ಯಾಂಕುಗಳು ಅಡಮಾನದ ಆಸ್ತಿಯನ್ನು ವಶಕ್ಕೆ ತೆಗೆದುಕೊಂಡು ಮಾರಲು ಬಿಡುವ ಸರ್ಫೇಸಿ ಕಾಯ್ದೆಯಡಿ ಕಾಫಿ ತೋಟಗಳನ್ನು ಹರಾಜಿಗಿಟ್ಟದ್ದನ್ನು ನಮ್ಮ ಬೆಳೆಗಾರರು ಕಣ್ಣಾರೆ ನೋಡಿದ್ದಾರೆ. ಈ ವಂಚಕರು ಆ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡಿರುವುದು ನನಗೆ ತಡೆಯಲಾರದ ಸಿಟ್ಟು ತರಿಸುತ್ತದೆ. 2002ರ ಆ ಕಾಯ್ದೆ ಅಡಮಾನ ಇಟ್ಟ ಆಸ್ತಿಗೆ ಮಾತ್ರ. ಅದರಲ್ಲೂ ಮೊದಲು ಬರಹದ ನೋಟಿಸು, ಕಟ್ಟಲು 60 ದಿನದ ಗಡುವು, ಆಮೇಲಷ್ಟೇ ಸ್ವಾಧೀನದ ಮಾತು. ಅದನ್ನು ಪ್ರಶ್ನಿಸಲು ಸಾಲ ವಸೂಲಾತಿ ನ್ಯಾಯಮಂಡಳಿಯೂ ಇದೆ. ರಾತ್ರಿ ಫೋನ್, ಬೆಳಿಗ್ಗೆ ಹರಾಜು ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ನಿಮ್ಮ ಆರ್‌ಟಿಸಿ ತೆಗೆಸಿ 11ನೇ ಕಾಲಂ ನೋಡಿ. ಜಮೀನಿನ ಮೇಲೆ ಸಾಲದ ಋಣವಿದ್ದರೆ ನಮೂದಾಗುವ ಜಾಗ ಅದು. ಅಡಮಾನವಿಲ್ಲದ ಸಾಲವಾದರೆ ಕೋರ್ಟಿನಲ್ಲಿ ದಾವೆ ಹೂಡಿ ಗೆಲ್ಲದೆ ನಿಮ್ಮ ಒಂದು ಗಿಡವನ್ನೂ ಮುಟ್ಟುವಂತಿಲ್ಲ.

ಸಾಲ ತೀರಿಸಲಾಗದ್ದು ಸಿವಿಲ್ ವಿಷಯ, ಬಾಕಿ ಎತ್ತಲು ಪೊಲೀಸರು ಬರುವುದಿಲ್ಲ. ಕೋರ್ಟಿನ ನೋಟಿಸಾದರೆ ಕೇಸ್ ನಂಬರ್ ಇರುತ್ತದೆ, ಇ-ಕೋರ್ಟ್ಸ್ ಜಾಲತಾಣದಲ್ಲಿ ಮಗ ಎರಡು ನಿಮಿಷದಲ್ಲಿ ನೋಡಿ ಹೇಳುತ್ತಾನೆ. ಇನ್ನು, ಗಂಡ ನಿಜವಾಗಿಯೇ ಸಾಲ ಮಾಡಿದ್ದರೂ ನೀವು ಸಹಸಾಲಗಾರರಾಗಿಯೋ ಜಾಮೀನುದಾರರಾಗಿಯೋ ಸಹಿ ಹಾಕಿರದಿದ್ದರೆ ನಿಮ್ಮ ಸ್ವಂತ ದುಡಿಮೆಯ ಹಣ ಕೊಡಬೇಕಾಗಿಲ್ಲ. ಅವರು ಬಿಟ್ಟುಹೋದ ಆಸ್ತಿಯ ಮಿತಿಯೊಳಗೆ ಮಾತ್ರ ಕೇಳಬಹುದು, ಅದೂ ಕ್ರಮಪ್ರಕಾರ.

ಆ ನೋಟಿಸನ್ನು ತೆರೆಯುವಾಗ ಫೋನಿನಲ್ಲಿ ಏನನ್ನಾದರೂ ‘ಇನ್‌ಸ್ಟಾಲ್’ ಮಾಡಲು ಕೇಳಿತ್ತೇ? ಫೈಲಿನ ಹೆಸರು ಎಪಿಕೆ (apk) ಎಂದು ಮುಗಿಯುತ್ತಿದ್ದರೆ ಅದು ನೋಟಿಸಲ್ಲ, ಆ್ಯಪ್; ಫೋನಿನ ಡೇಟಾ ಆಫ್ ಮಾಡಿ, ಶಾಖೆಗೆ ಹೋಗಿ ಯುಪಿಐ ತಡೆಹಿಡಿಸಿ. ‘ಹೋದ ಹಣ ವಾಪಸ್ ಕೊಡಿಸುತ್ತೇವೆ, ಫೀಸು ಕಟ್ಟಿ’ ಎಂದು ಇನ್ನೊಬ್ಬ ಫೋನ್ ಮಾಡಿದರೆ ಅವನೂ ಅದೇ ಗುಂಪಿನವನೆಂದೇ ತಿಳಿಯಿರಿ.

ಮಗನಿಗೆ ಇವತ್ತೇ ಹೇಳಿ. ಮೋಸ ಮಾಡಿದವನು ಆ ಫೋನಿನವನು, ತಲೆ ತಗ್ಗಿಸಬೇಕಾದವರು ನೀವಲ್ಲ.

ಪ್ರಶ್ನೆ: ಗೋಣಿಕೊಪ್ಪದಲ್ಲಿ ಗ್ಯಾರೇಜ್ ಇಟ್ಟಿದ್ದೇನೆ. ಸಾಲ ಇರುವುದು ನಿಜ, ಎರಡು ಕಂತು ಬಾಕಿ. ಏಜೆಂಟ್ ಎಂದು ಒಬ್ಬರು ಕ್ಯೂಆರ್ ಕೋಡ್ ಕಳಿಸಿ ಅದಕ್ಕೇ ಹಾಕಿ ಎನ್ನುತ್ತಾರೆ. ನಂಬುವುದು ಹೇಗೆ?

ಉತ್ತರ: ನಂಬುವ ಪ್ರಶ್ನೆಯೇ ಬೇಡ. ಏಜೆಂಟ್ ಅಸಲಿಯಾಗಿದ್ದರೂ ಹಣ ಹೋಗಬೇಕಾದದ್ದು ನಿಮ್ಮ ಸಾಲದ ಖಾತೆಗೆ. ಶಾಖೆಯಲ್ಲೋ ಸಂಸ್ಥೆಯದೇ ಆ್ಯಪ್‌ನಲ್ಲೋ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಡಿಜಿಟಲ್ ಸಾಲವಾದರೆ ಏಜೆಂಟ್ ಯಾರೆಂದು ಸಂಸ್ಥೆಯೇ ಮೊದಲು ನಿಮಗೆ ಸಂದೇಶ ಕಳಿಸಿರಬೇಕು. ಮನೆಗೆ ಬಂದರೆ ಗುರುತಿನ ಚೀಟಿ, ಅಧಿಕಾರ ಪತ್ರ ಕೇಳಿ. ಕಿರುಕುಳ ಕೊಟ್ಟರೆ ಸಂಸ್ಥೆಗೆ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಮಾಹಿತಿಗೆ 14448. ಸಣ್ಣ ಸಾಲಗಳಿಗೆ ಬಲವಂತದ ವಸೂಲಿ ತಡೆಯಲು 2025ರಲ್ಲಿ ನಮ್ಮ ರಾಜ್ಯದಲ್ಲೇ ಕಾನೂನು ಬಂದಿದೆ, ಠಾಣೆಗೂ ಹೋಗಬಹುದು. ಆದರೆ ಬಾಕಿ ಕಂತನ್ನು ಬೆಳೆಯಲು ಬಿಡಬೇಡಿ. ಶಾಖೆಗೆ ನೀವಾಗಿಯೇ ಹೋಗಿ ಕಾಲಾವಕಾಶ ಕೇಳಿ, ಸಾಮಾನ್ಯವಾಗಿ ದಾರಿ ಮಾಡಿಕೊಡುತ್ತಾರೆ.

ಪ್ರಶ್ನೆ: ನಾಪೋಕ್ಲುವಿನಿಂದ ಬರೆಯುತ್ತಿದ್ದೇನೆ. ಗೆಳೆಯನ ಸಾಲಕ್ಕೆ ನನ್ನ ನಂಬರ್ ‘ರೆಫರೆನ್ಸ್’ ಎಂದು ಕೊಟ್ಟಿದ್ದಾನಂತೆ. ನಾನೇ ಕಟ್ಟಬೇಕೆಂದು ಗದರಿಸುತ್ತಿದ್ದಾರೆ.

ಉತ್ತರ: ಕಟ್ಟಬೇಕಾಗಿಲ್ಲ. ಜಾಮೀನು ಪತ್ರಕ್ಕೆ ಸಹಿ ಹಾಕದೆ ಯಾರೂ ಜಾಮೀನುದಾರರಾಗುವುದಿಲ್ಲ. ನಂಬರನ್ನು ಬ್ಲಾಕ್ ಮಾಡಿ, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ ವಿಭಾಗದಲ್ಲಿ ವರದಿ ಮಾಡಿ. ಗೆಳೆಯನಿಗೂ ಒಂದು ಫೋನ್ ಮಾಡಿ, ಅವನನ್ನೂ ಇದೇ ಜನ ಹೆದರಿಸುತ್ತಿರಬಹುದು.