ಗಾಲ್ಫ್‌ನಲ್ಲಿ ನನ್ನ ಡ್ರೈವರ್ ಹೊಡೆತ ಯಾವಾಗಲೂ ಬಲಕ್ಕೇ ಬಾಗುತ್ತದೆ, ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಐರನ್ (ಕಡಿಮೆ ದೂರಕ್ಕೆ ಹೊಡೆಯುವ ಲೋಹದ ತಲೆಯ ಕೋಲು) ಹೊಡೆತ ನೇರ ಹೋಗುತ್ತದೆ, ಡ್ರೈವರ್ (ಎಲ್ಲಕ್ಕಿಂತ ದೂರ ಹೊಡೆಯುವ ಉದ್ದದ ಕೋಲು) ಎತ್ತಿಕೊಂಡರೆ ಮಾತ್ರ ಚೆಂಡು ಪಚ್ಚಬಾಳೆ ಹಣ್ಣಿನ ಹಾಗೆ ಬಲಕ್ಕೆ ಬಾಗುತ್ತದೆ, ಹೊಸ ಡ್ರೈವರ್ ತಗೊಳ್ಳಲಾ ಅಂತ ಕೇಳಿದ್ದೀರಿ. ಎರಡು ವರ್ಷ ನನ್ನದೂ ಇದೇ ಗೋಳು. ಸದ್ಯಕ್ಕೆ ದುಡ್ಡು ಜೇಬಲ್ಲೇ ಇರಲಿ. (ನೀವು ಬಲಗೈ ಆಟಗಾರ ಅಂದುಕೊಂಡು ಬರೆಯುತ್ತಿದ್ದೇನೆ.)

ಮೊದಲು ಒಂದು ವಿಷಯ. ಚೆಂಡು ಬಲಕ್ಕೆ ಹೋಗುತ್ತದೆ ಅಂತ ನೀವು ಎಡಕ್ಕೆ ತಿರುಗಿ ನಿಲ್ಲುತ್ತಿದ್ದೀರಾ? ನಾನು ಅದನ್ನೇ ಮಾಡಿದೆ. ನಾನು ಚಾಪೆ ಕೆಳಗೆ ತೂರಿದರೆ ಚೆಂಡು ರಂಗೋಲಿ ಕೆಳಗೆ ತೂರಿತು. ಎಡಕ್ಕೆ ತಿರುಗಿದಷ್ಟೂ ಜಾಸ್ತಿ ಬಾಗಿತು. ಕಾರಣ ಇಷ್ಟೇ. ಚೆಂಡು ಯಾವ ದಿಕ್ಕಿಗೆ ಹೊರಡಬೇಕು ಅನ್ನುವುದನ್ನು ಬಹುಪಾಲು ಕ್ಲಬ್ಬಿನ (ಹೊಡೆಯುವ ಕೋಲಿನ) ಮುಖ, ಅಂದರೆ ಚೆಂಡಿಗೆ ತಾಗುವ ಬದಿ, ನಿರ್ಧರಿಸುತ್ತದೆ. ಎಷ್ಟು ಬಾಗಬೇಕು ಅನ್ನುವುದು ಕ್ಲಬ್ ಬೀಸಿ ಬಂದ ದಾರಿಗೂ ಆ ಮುಖಕ್ಕೂ ಇರುವ ಅಂತರ. ಎಡಕ್ಕೆ ನಿಂತರೆ ದಾರಿ ಎಡಕ್ಕೆ ಹೋಗುತ್ತದೆ, ಕೈ ಮಾತ್ರ ಮುಖವನ್ನು ಹಳೇ ಗುರಿಯ ಕಡೆಗೇ ಬಿಡುತ್ತದೆ. ಅಂತರ ಬೆಳೆಯುತ್ತದೆ. ಐರನ್‌ಗೆ ಲಾಫ್ಟ್ (ಮುಖ ಹಿಂದಕ್ಕೆ ವಾಲಿರುವ ಕೋನ) ಜಾಸ್ತಿ, ಹಾಗಾಗಿ ಅದರಲ್ಲಿ ಇದೇ ತಪ್ಪು ಅಷ್ಟಾಗಿ ಕಾಣುವುದಿಲ್ಲ. ಅಂದರೆ ನಿಮ್ಮ ಐರನ್ ಕೂಡ ಸುಳ್ಳು ಹೇಳುತ್ತಿದೆ.

ಈಗ ಹಿಡಿತ. ನನ್ನ ಪ್ರಕಾರ ಅರ್ಧಕ್ಕಿಂತ ಜಾಸ್ತಿ ರೋಗ ಇಲ್ಲೇ ಇದೆ. ನಾನು ಗಲ್ಲಿಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವನು. ಬ್ಯಾಟ್ ಮುಖ ತೆರೆದು ಪಾಯಿಂಟ್ ಕಡೆಗೆ ತಳ್ಳುವುದು ಕೈಗೆ ಅಂಟಿಬಿಟ್ಟಿತ್ತು. ಡ್ರೈವರ್ ಹಿಡಿದು ನಿಂತು ಎಡಗೈ ನೋಡಿಕೊಳ್ಳಿ. ಎಷ್ಟು ಗೆಣ್ಣು ಕಾಣುತ್ತವೆ? ನನಗೆ ಒಂದೇ ಕಾಣುತ್ತಿತ್ತು. ಎರಡೂವರೆ, ಬೇಕಾದರೆ ಮೂರು ಕಾಣಬೇಕು. ಹಿಡಿ ಅಂಗೈಯಲ್ಲಿ ಅಲ್ಲ, ಬೆರಳುಗಳ ಬುಡದಲ್ಲಿ ಕೂರಬೇಕು. ಹೆಬ್ಬೆರಳು, ತೋರುಬೆರಳಿನ ನಡುವಿನ ಗೆರೆ ಬಲ ಭುಜದ ಕಡೆ ನೋಡಬೇಕು. ಮೊದಲ ಎರಡು ವಾರ ಬೇರೆಯವರ ಚಪ್ಪಲಿ ಹಾಕಿಕೊಂಡಂತೆ ಅನಿಸುತ್ತದೆ. ಬಿಡಬೇಡಿ.

ಆಮೇಲೆ ದಾರಿ. ಮೇಲಿಂದ ಇಳಿಯುವಾಗ ಬಲ ಭುಜ ಮುಂದೆ ನುಗ್ಗಿದರೆ ಕ್ಲಬ್ ಹೊರಗಿನಿಂದ ಒಳಗೆ ಕೊಯ್ದುಕೊಂಡು ಬರುತ್ತದೆ. ಇದಕ್ಕೆ ನಾನು ಬಳಸಿದ್ದು ಮೈಸೂರು ಪಾಕಿನ ಖಾಲಿ ಡಬ್ಬ. ಚೆಂಡಿನಿಂದ ಒಂದು ಗೇಣು ಹಿಂದೆ, ಕ್ಲಬ್ ತಲೆ ಹಾದುಹೋಗುವಷ್ಟು ಜಾಗ ಬಿಟ್ಟು ಆಚೆ ಬದಿಗೆ ಇಟ್ಟೆ. ಮೊದಲ ಹೊಡೆತಕ್ಕೇ ಡಬ್ಬ ಚೆಂಡಿಗಿಂತ ಮುಂದೆ ಹೋಯಿತು, ಪಕ್ಕದ ಮ್ಯಾಟಿನಲ್ಲಿದ್ದ ಹಿರಿಯರು ಕ್ಲಬ್ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಅರ್ಧ ವೇಗದಲ್ಲಿ ಶುರು ಮಾಡಿ. ಡಬ್ಬ ಅಲುಗಾಡದೆ ಹತ್ತು ಚೆಂಡು ಹೊಡೆದ ಮೇಲೆ ವೇಗ ಏರಿಸಿ.

ಚೆಂಡು ಎಡ ಹಿಮ್ಮಡಿಯ ನೇರಕ್ಕೆ ಇರಲಿ, ಭುಜದ ಗೆರೆ ಗುರಿಗೆ ಸಮಾನಾಂತರ ಇರಲಿ. ಇವು ಚಿಕ್ಕ ವಿಷಯ.

ಜೋರಾಗಿ ಹೊಡೆದರೆ ಸರಿಹೋಗುತ್ತದೆ ಅನ್ನುವ ಆಸೆಯನ್ನೂ ಬಿಡಿ. ನಮ್ಮ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರನ್ನೇ ನೋಡಿ. ದೂರ ಹೊಡೆಯುವುದರಲ್ಲಿ ಉಳಿದವರಿಗಿಂತ ಹಿಂದಿದ್ದರೂ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದರು. ಪದಕ ತಪ್ಪಿದ್ದು ಒಂದೇ ಹೊಡೆತದಲ್ಲಿ.

ಇನ್ನೊಂದು ಮಾತು, ನಿಮಗೆ ಉಪಯೋಗ ಇಲ್ಲದಿರಬಹುದು. ನಮ್ಮೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ. ಗಾಳಿ ತೆಳು, ಹಾಗಾಗಿ ಚೆಂಡು ಸ್ವಲ್ಪ ಕಡಿಮೆ ಬಾಗುತ್ತದೆ. ಮಂಗಳೂರಿಗೆ ಹೋಗಿ ಆಡಿದರೆ ಇದೇ ಸ್ಲೈಸ್ (ಹೀಗೆ ಬಲಕ್ಕೆ ಬಾಗುವ ಹೊಡೆತ) ಇನ್ನೂ ಚೆನ್ನಾಗಿ ಕಾಣುತ್ತದೆ!

ಡ್ರೈವರ್ ವಿಚಾರಕ್ಕೆ ಬಂದರೆ, ಈಗಿರುವುದು 9 ಡಿಗ್ರಿ ಲಾಫ್ಟಿನದ್ದಾದರೆ ಸ್ನೇಹಿತರ 10.5 ಅಥವಾ 12 ಡಿಗ್ರಿಯದ್ದನ್ನು ಒಂದು ದಿನ ಕೇಳಿ ಹೊಡೆದು ನೋಡಿ. ಲಾಫ್ಟ್ ಜಾಸ್ತಿ ಆದಷ್ಟೂ ಬಾಗುವುದು ಕಡಿಮೆ. ಹಿಡಿತ ಬದಲಿಸಿ ಒಂದು ತಿಂಗಳಾದ ಮೇಲೆ ಚೆಂಡು ಎಡಕ್ಕೆ ಬಾಗತೊಡಗಿದರೆ ಗಾಬರಿ ಆಗಬೇಡಿ, ಎಡಗೈಯನ್ನು ಅರ್ಧ ಗೆಣ್ಣಿನಷ್ಟು ಹಿಂದಕ್ಕೆ ತಿರುಗಿಸಿ. ನನಗೆ ಹಾಗೇ ಆಯಿತು. ಅವತ್ತು ಮೊದಲ ಸಲ ಎಡಗಡೆ ಮರದ ಕೆಳಗೆ ಚೆಂಡು ಹುಡುಕಿದೆ, ಖುಷಿಯಾಗಿಯೇ ಹುಡುಕಿದೆ.