ರಜೆ ಕೇಳುವುದಕ್ಕಿಂತ ಕೆಲಸ ಬಿಡುವುದೇ ಸುಲಭ ಆದಾಗ

ಪ್ರಶ್ನೆ: ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಸಣ್ಣ ಯೂನಿಟ್ ಇದೆ. ಸಿಎನ್‌ಸಿ ಲೇತ್ ಜಾಬ್‌ವರ್ಕ್, ಅಂದರೆ ಕಂಪ್ಯೂಟರ್ ಹಿಡಿತದ ಲೇತ್‌ನಲ್ಲಿ ಬೇರೆ ಕಂಪನಿಗಳಿಗೆ ಲೋಹದ ಬಿಡಿಭಾಗ ಮಾಡಿಕೊಡುವುದು, ಒಟ್ಟು 42 ಜನ. ಕೆಲಸ ಕಲಿಸಿ ಮುಗಿಸುವಷ್ಟರಲ್ಲಿ ಹುಡುಗರು ಬಿಟ್ಟು ಹೋಗುತ್ತಾರೆ. ಕಳೆದ ವರ್ಷ 19 ಜನ ಹೋದರು. ಪಕ್ಕದ ಶೆಡ್ಡಿನಲ್ಲಿ ಸಾವಿರ ರೂಪಾಯಿ ಜಾಸ್ತಿ ಕೊಡುತ್ತಾರಂತೆ. ಈಚೆಗೆ ರಿಜೆಕ್ಷನ್ನೂ (ಸರಿಯಿಲ್ಲ ಅಂತ ತಳ್ಳಿಹಾಕುವ ಪೀಸ್) ಜಾಸ್ತಿಯಾಗಿದೆ. ಸಿಬ್ಬಂದಿಯನ್ನು ನೋಡಿಕೊಳ್ಳಲು ಎಚ್‌ಆರ್ ಒಬ್ಬರನ್ನು ಇಟ್ಟುಕೊಳ್ಳಿ ಅಂತ ನಮ್ಮ ಆಡಿಟರ್ ಹೇಳುತ್ತಾರೆ. ನಮ್ಮಂಥ ಸಣ್ಣವರಿಗೆ ಅದೆಲ್ಲ ಬೇಕಾ? ಅದರಿಂದ ಉತ್ಪಾದನೆಗೆ ಏನಾದರೂ ಉಪಯೋಗ ಇದೆಯಾ?

ಉತ್ತರ: 19 ಅನ್ನೋ ಸಂಖ್ಯೆ ನೋಡಿ ಪೆನ್ನು ತಗೊಂಡು ಲೆಕ್ಕ ಹಾಕಿದೆ. ನೂರಕ್ಕೆ 45 ಜನ. ನಿಮ್ಮ ಲೆಕ್ಕದ ಪುಸ್ತಕದಲ್ಲಿ ಕರೆಂಟ್ ಬಿಲ್ ಇದೆ, ಕೂಲಂಟ್ ಬಿಲ್ ಇದೆ, ಇನ್ಸರ್ಟ್ ಬಿಲ್ ಇದೆ. ಹುಡುಗ ಬಿಟ್ಟು ಹೋದದ್ದಕ್ಕೆ ಬಿಲ್ ಬರುವುದಿಲ್ಲ. ಅದಕ್ಕೇ ಅದು ಖರ್ಚು ಅಂತ ಕಾಣುವುದಿಲ್ಲ. ಹೊಸಬನಿಗೆ ಆಫ್‌ಸೆಟ್ ಹಾಕುವುದು, ಅಂದರೆ ಮಷೀನಿಗೆ ಟೂಲ್‌ನ ಅಳತೆ ಹೊಂದಿಸುವುದು, ಕೈಗೆ ಹತ್ತುವ ತನಕ ಹಾಳಾದ ಪೀಸ್ ಎಷ್ಟು? ಅವನ ಪಕ್ಕದಲ್ಲೇ ನಿಂತ, ಮಷೀನ್ ಸಿದ್ಧಪಡಿಸಿ ಕೊಡುವ ನಿಮ್ಮ ಸೆಟ್ಟರ್‌ನ ಎಷ್ಟು ಗಂಟೆ ಹೋಯಿತು? ಒಂದು ಸಲ ಬರೆದು ನೋಡಿ. ಜನ ಬಿಡುವುದು ಒಂದು ತೊಂದರೆ, ರಿಜೆಕ್ಷನ್ ಇನ್ನೊಂದು ಅನ್ನುವ ಹಾಗೆ ಬರೆದಿದ್ದೀರಿ. ನನಗೆ ಎರಡೂ ಒಂದೇ ಅನ್ನಿಸುತ್ತದೆ.

ಇದು ದೊಡ್ಡವರಿಗೂ ಆಗಿದ್ದೇ. ಅಮೆರಿಕದ ಫೋರ್ಡ್ ಕಾರ್ಖಾನೆಯಲ್ಲಿ 1913ರಲ್ಲಿ ಸುಮಾರು 14 ಸಾವಿರ ಜನರ ಕೆಲಸ ನಡೆಸಲು ವರ್ಷಕ್ಕೆ 52 ಸಾವಿರ ಜನರನ್ನು ಸೇರಿಸಿಕೊಳ್ಳಬೇಕಾಯಿತು. 1914ರ ಜನವರಿಯಲ್ಲಿ ಹೆನ್ರಿ ಫೋರ್ಡ್ ದಿನಗೂಲಿಯನ್ನು ಐದು ಡಾಲರ್ ಮಾಡಿದ. ಮೊದಲಿನದರ ಎರಡರಷ್ಟು. ಬಿಡುವವರು ಬೇಗನೆ ಕಮ್ಮಿಯಾದರು. ನೀವು ಸಂಬಳ ದುಪ್ಪಟ್ಟು ಮಾಡಲಾರಿರಿ, ಗೊತ್ತು. ಆದರೆ ಸಾವಿರ ರೂಪಾಯಿಯ ಮಾತನ್ನು ಸುಮ್ನೆ ನೆಪ ಅಂದುಕೊಳ್ಳಬೇಡಿ. ಲಗ್ಗೆರೆಯಲ್ಲೋ ಹೆಗ್ಗನಹಳ್ಳಿಯಲ್ಲೋ ರೂಮು ಬಾಡಿಗೆ ಕಟ್ಟಿ, ಊರಿಗೂ ದುಡ್ಡು ಕಳಿಸುವ ಹುಡುಗನಿಗೆ ಅದು ದೊಡ್ಡ ಮೊತ್ತವೇ.

ಆದರೂ ಹೋದವರೆಲ್ಲ ಆ ಸಾವಿರಕ್ಕೇ ಹೋದರು ಅಂತ ನಿಮಗೆ ಹೇಗೆ ಗೊತ್ತು? ಹೋಗುವಾಗ ಯಾರನ್ನಾದರೂ ಕೂರಿಸಿ ಕೇಳಿದ್ದೀರಾ?

ನಾನು ತೊಂಬತ್ತರ ದಶಕದಲ್ಲಿ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ವೆಲ್‌ಫೇರ್ ಆಫೀಸರ್ ಆಗಿದ್ದೆ. ಅಲ್ಲಿ ಒಂದೇ ಹೊಲಿಗೆ ಲೈನಿನಿಂದ (ಮಷೀನುಗಳ ಸಾಲಿನಿಂದ) ಹೆಣ್ಣುಮಕ್ಕಳು ಬಿಡುತ್ತಲೇ ಇದ್ದರು. ಸಂಬಳ ಎಲ್ಲ ಲೈನಿಗೂ ಒಂದೇ. ಮ್ಯಾನೇಜರ್ ಅವರನ್ನು ಕೇಳಿದರೆ 'ಮದುವೆ, ಊರು, ಏನೋ ಇರುತ್ತೆ ಬಿಡಿ ಮೇಡಂ' ಅನ್ನುತ್ತಿದ್ದರು. ನಾನು ಲೆಕ್ಕ ಮುಗಿಸಿಕೊಳ್ಳಲು ಬಂದವರನ್ನು ಟೀ ಕೊಡಿಸಿ ಕೇಳತೊಡಗಿದೆ. ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಮಾಗಡಿ ಕಡೆಯ ಒಬ್ಬ ಹುಡುಗಿ ಕೊನೆಗೆ ಹೇಳಿದಳು. ಊರಹಬ್ಬಕ್ಕೆ ಎರಡು ದಿನ ರಜೆ ಬೇಕಿತ್ತಂತೆ. ಸೂಪರ್‌ವೈಸರ್ ಚೀಟಿಗೆ ಸಹಿ ಹಾಕಲಿಲ್ಲ, ಎಲ್ಲರೆದುರು ಬೈದರು. ಅವಳು ಹಬ್ಬಕ್ಕೆ ಹೋದಳು. ವಾಪಸ್ ಬಂದು ಬೈಸಿಕೊಳ್ಳುವ ಬದಲು ಕೆಲಸವನ್ನೇ ಬಿಟ್ಟಳು. ಅವಳಿಗೆ ರಜೆ ಕೇಳುವುದಕ್ಕಿಂತ ಕೆಲಸ ಬಿಡುವುದು ಸುಲಭವಾಗಿತ್ತು. ಆಮೇಲೆ ಕೇಳಿದರೆ ಹೆಚ್ಚುಕಮ್ಮಿ ಎಲ್ಲರದೂ ಅದೇ ಕಥೆ. ಆ ಲೈನಿನ ರಜೆ ಚೀಟಿಗಳು ನೇರ ನನ್ನ ಮೇಜಿಗೆ ಬರುವ ಹಾಗೆ ಮಾಡಿಸಲು ಮೂರು ತಿಂಗಳು ಜಗಳ ಆಡಬೇಕಾಯಿತು. ಆಡಿದೆ. ಬಿಡುವವರು ಕಮ್ಮಿಯಾದರು. ಆ ಹುಡುಗಿ ಮಾತ್ರ ವಾಪಸ್ ಬರಲಿಲ್ಲ. ಒಳ್ಳೆಯ ಕಾಲರ್ ಟೈಲರ್. ಇವತ್ತಿಗೂ ನೆನಪಾಗುತ್ತಾಳೆ.

ಇದು ನನ್ನೊಬ್ಬಳ ಅನುಭವ ಅಷ್ಟೇ ಅಲ್ಲ. ಅಚ್ಯುತ ಅಧ್ವರ್ಯು ಮತ್ತು ಸಂಗಡಿಗರು ಅನ್ನುವ ಅರ್ಥಶಾಸ್ತ್ರಜ್ಞರ ತಂಡ ಗಾರ್ಮೆಂಟ್ಸ್ ಕಾರ್ಮಿಕರ ನಡುವೆ ಒಂದು ಪರೀಕ್ಷೆ ಮಾಡಿತು. ಆಗ ಸಂಬಳ ಏರಿತ್ತು, ಆದರೆ ಜನ ಅಂದುಕೊಂಡಷ್ಟು ಏರಿರಲಿಲ್ಲ. ಬೇಜಾರಿನಲ್ಲಿದ್ದರು. ಚೀಟಿ ಎತ್ತಿದ ಹಾಗೆ ಕೆಲವರನ್ನು ಆರಿಸಿ, ಕೆಲಸ, ಸಂಬಳ, ಸೂಪರ್‌ವೈಸರ್ ಬಗ್ಗೆ ಏನನ್ನಿಸುತ್ತದೆ ಅಂತ ಕೇಳಿದರು. ಹಾಗೆ ಕೇಳಲ್ಪಟ್ಟವರಲ್ಲಿ ಕೆಲಸ ಬಿಡುವುದು ಸುಮಾರು ಐದರಲ್ಲಿ ಒಂದು ಪಾಲು ಕಮ್ಮಿಯಾಯಿತು. ಅವರಿಗೆ ಒಂದು ರೂಪಾಯಿಯೂ ಜಾಸ್ತಿ ಕೊಟ್ಟಿರಲಿಲ್ಲ.

ಇದೇ ತಂಡದ ಇನ್ನೊಂದು ಕೆಲಸ ನಮ್ಮ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲೇ ನಡೆಯಿತು. ಹಳೇ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದರು, ಕರೆಂಟ್ ಉಳಿಸಲು. ಎಲ್‌ಇಡಿ ಅಷ್ಟು ಬಿಸಿಯಾಗುವುದಿಲ್ಲ, ಅಲ್ವಾ? ಬಿಸಿಲಿನ ದಿನಗಳಲ್ಲಿ ಕುಸಿಯುತ್ತಿದ್ದ ಹೊಲಿಗೆ ಬಹುಮಟ್ಟಿಗೆ ಕುಸಿಯದೆ ನಿಂತಿತು. ನಿಮ್ಮದು ಶೀಟ್ ಚಾವಣಿಯ ಶೆಡ್ಡಾಗಿದ್ದರೆ ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಮಷೀನ್ ಪಕ್ಕ ಹತ್ತು ನಿಮಿಷ ನಿಂತು ನೋಡಿ.

ಉತ್ಪಾದನೆಗೆ ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ಇದೆ. ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಅವರ ತಂಡ ಮುಂಬೈ ಹತ್ತಿರದ ಜವಳಿ ಕಾರ್ಖಾನೆಗಳಲ್ಲಿ ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ದಿನಾ ಡಿಫೆಕ್ಟ್ ಬರೆದಿಡುವುದು, ನೆಲ ಚೊಕ್ಕವಾಗಿಡುವುದು, ಒಳ್ಳೆಯ ಕೆಲಸಕ್ಕೆ ಇನಾಮು ಕೊಡುವುದು, ಇಂಥ ಸಾಧಾರಣ ಪದ್ಧತಿಗಳನ್ನು ಅಲ್ಲಿ ರೂಢಿಗೆ ತಂದರು. ಮೊದಲ ವರ್ಷವೇ ಉತ್ಪಾದಕತೆ ನೂರಕ್ಕೆ 17ರಷ್ಟು ಏರಿತು. ಜನರನ್ನು ನೋಡಿಕೊಳ್ಳುವುದೂ ಕಾರ್ಖಾನೆ ನಡೆಸುವುದೂ ಅಲ್ಲಿ ಬೇರೆಬೇರೆ ಆಗಿರಲಿಲ್ಲ.

ಹಾಗಾದರೆ ಎಚ್‌ಆರ್ ಬೇಕಾ? 42 ಜನರಿಗೆ ಈಗಲೇ ಒಬ್ಬರು ಬೇಡ. ಆದರೆ ಆ ಕೆಲಸ ಯಾರಾದರೂ ಮಾಡಲೇಬೇಕು, ಸದ್ಯಕ್ಕೆ ಆ ಯಾರಾದರೂ ನೀವೇ. ಬಿಡುವವನ ಹತ್ತಿರ ಅರ್ಧ ಗಂಟೆ ಮಾತಾಡಿ, ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಹತ್ತು ಜನರದ್ದು ಬರೆಯುವಷ್ಟರಲ್ಲಿ ದಾರಿ ಕಾಣುತ್ತದೆ. ಹೆಲ್ಪರ್, ಆಪರೇಟರ್, ಸೆಟ್ಟರ್, ಯಾರಿಗೆ ಎಷ್ಟು, ಏನು ಕಲಿತರೆ ಮೇಲಿನ ದರ್ಜೆ, ಇದನ್ನು ಗೋಡೆಗೆ ಅಂಟಿಸಿ. ಈಗ ಅದು ನಿಮ್ಮ ತಲೆಯಲ್ಲಿದೆ, ಹುಡುಗನಿಗೆ ಕಾಣುವುದಿಲ್ಲ. ಅವನಿಗೆ ಕಾಣುವುದು ಪಕ್ಕದ ಶೆಡ್ಡಿನ ಸಾವಿರ ರೂಪಾಯಿ ಮಾತ್ರ. ಓವರ್‌ಟೈಮ್‌ಗೆ ಎರಡು ಪಟ್ಟು ಕೊಡಬೇಕು ಅಂತ ಕಾನೂನೇ ಇದೆ. ಅದರಲ್ಲಿ ಉಳಿಸಲು ಹೋಗಬೇಡಿ, ದಯವಿಟ್ಟು. ಮತ್ತೆ ನಿಮ್ಮ ಸೆಟ್ಟರ್ ಹೊಸಬರ ಹತ್ತಿರ ಹೇಗೆ ಮಾತಾಡುತ್ತಾರೆ ಅಂತ ಕಿವಿಗೊಡಿ. ಹೊಸಬನಿಗೆ ಕಂಪನಿ ಅಂದರೆ ಆ ಒಬ್ಬ ಮನುಷ್ಯ.

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಎಂಟು ವರ್ಷ ಟೈಲರ್ ಆಗಿದ್ದೆ. ಎರಡು ತಿಂಗಳ ಹಿಂದೆ ಲೈನ್ ಸೂಪರ್‌ವೈಸರ್ ಮಾಡಿದರು. ಪಕ್ಕ ಕೂತು ಹೊಲಿಯುತ್ತಿದ್ದವರೇ ಈಗ ಮಾತಾಡಿಸುವುದಿಲ್ಲ. ಟಾರ್ಗೆಟ್ ಬರುತ್ತಿಲ್ಲ. 'ಬೈಯದಿದ್ದರೆ ಕೆಲಸ ಆಗಲ್ಲ' ಅಂತ ಫ್ಲೋರ್ ಇನ್‌ಚಾರ್ಜ್ ಹೇಳುತ್ತಾರೆ. ನನಗೆ ಬೈಯಲು ಬರುವುದಿಲ್ಲ.

ಉತ್ತರ: ಬರುವುದಿಲ್ಲ ಅಂದಿರಲ್ಲ, ಒಳ್ಳೆಯದೇ ಆಯಿತು ತಾಯಿ. ಕಲಿಯಬೇಡಿ. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಮಾತು, ಸಮಯ, ಒತ್ತಡ ನಿಭಾಯಿಸುವ ತರಬೇತಿ ಕೊಟ್ಟು, ನಾನು ಮೇಲೆ ಹೇಳಿದ ತಂಡವೇ ಅದನ್ನೂ ಅಳೆದು ನೋಡಿದೆ. ಕಲಿತವರ ಕೆಲಸ ನೂರಕ್ಕೆ 13ಕ್ಕಿಂತ ಜಾಸ್ತಿ ಸುಧಾರಿಸಿತು. ಅವರ ಜೊತೆಯವರದ್ದೂ ಸುಧಾರಿಸಿತು. ನಿಮ್ಮಲ್ಲಿ ಅಂಥ ಕ್ಲಾಸ್ ಇದೆಯಾ ಕೇಳಿ, ಇದ್ದರೆ ಬಿಡಬೇಡಿ.

ಸೋಮವಾರ ಮೊದಲ ಒಂದು ಗಂಟೆ ಯಾರಿಗೂ ಏನೂ ಹೇಳಬೇಡಿ. ಹೊಲಿಯಬೇಕಾದ ಬಟ್ಟೆಯ ಬಂಡಲ್ ಎಲ್ಲಿ ರಾಶಿ ಬೀಳುತ್ತದೆ ಅಂತ ಮಾತ್ರ ನೋಡಿ. ಅಲ್ಲಿ ಕೂತವಳ ಹತ್ತಿರ ಹೋಗಿ 'ಎಲ್ಲಿ ಕಷ್ಟ ಆಗ್ತಿದೆ?' ಅಂತ ಕೇಳಿ. ದಾರ ಕಡಿಯುತ್ತಿರಬಹುದು, ಮಷೀನ್ ಕೈ ಕೊಡುತ್ತಿರಬಹುದು, ಮನೆಯಲ್ಲಿ ಮಗುವಿಗೆ ಜ್ವರ ಇರಬಹುದು. ಮಷೀನ್ ಆದರೆ ಮೆಕ್ಯಾನಿಕ್‌ನನ್ನು ನೀವೇ ಹೋಗಿ ಕರೆದುಕೊಂಡು ಬನ್ನಿ. ಅವರು ಬರುವ ತನಕ ಅವಳ ಪಾಲಿನ ಹೊಲಿಗೆಯನ್ನು ನೀವೇ ಇನ್ನೊಂದು ಮಷೀನಿನಲ್ಲಿ ಕೂತು ಹೊಲಿಯಿರಿ. ಎಂಟು ವರ್ಷದ ಕೈ ನಿಮ್ಮದು. ಮಧ್ಯಾಹ್ನ ಊಟಕ್ಕೆ ಮೊದಲಿನ ಜಾಗದಲ್ಲೇ, ಅವರ ಜೊತೆಗೇ ಕೂತುಕೊಳ್ಳಿ. ಆ ವಾರ ಹೇಗೆ ಹೋಯಿತು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.